ಕೇಳಿಸಿಕೊಳ್ಳುವ ಮುಖ

ಫೆಬ್ರುವರಿ 9

ಮಾನ್ಯರೇ,

ಪತ್ರದ ಮೊದಲಿಗೆ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಮ್ಮ ಮನೆಯಲ್ಲಿ ಎಲ್ಲರೂ ಎಂದರೆ ನಾನು, ಅಮ್ಮ ಮತ್ತು ಟಿವಿ. ಮೂವರೂ ಕ್ಷೇಮ. ಮೂವರಲ್ಲಿ ಹೆಚ್ಚು ಮಾತಾಡುವುದು ಟಿವಿ.

ನಾನು ವಾರಪತ್ರಿಕೆಯೊಂದರಲ್ಲಿ ‘ಮೂಲೆಕುರ್ಚಿ’ ಎಂಬ ಹೆಸರಿನಲ್ಲಿ ಧಾರಾವಾಹಿಗಳ ವಿಮರ್ಶೆ ಬರೆಯುವವನು. ನಮ್ಮ ಕಚೇರಿಯಲ್ಲಿ ಪುಸ್ತಕ ವಿಮರ್ಶಕರಿಗೆ ಕಿಟಕಿ ಪಕ್ಕದ ಮೇಜು, ಸಿನಿಮಾದವರಿಗೆ ಫ್ಯಾನಿನ ಕೆಳಗಿನದು, ನನಗೆ ನೀರಿನ ಡ್ರಮ್ಮಿನ ಪಕ್ಕದ್ದು. ನೀರು ಕುಡಿಯಲು ಬಂದವರೆಲ್ಲ ‘ಏನ್ರೀ, ನಿಮ್ಮ ಅತ್ತೆ ಸೊಸೆ ಹೇಗಿದ್ದಾರೆ?’ ಎಂದು ಕೇಳಿ ನಗುತ್ತಾರೆ. ಹಾಗೆ ನಕ್ಕವರೇ ಲೋಟ ಕೆಳಗಿಡುವ ಮುಂಚೆ, ನಿನ್ನೆಯ ಕಂತಿನಲ್ಲಿ ಏನಾಯಿತೆಂದು ವಿಚಾರಿಸಿಕೊಂಡು ಹೋಗುತ್ತಾರೆ.

ನಾನೀಗ ಬರೆಯುತ್ತಿರುವುದು ‘ಎರಡು ಒಲೆಯ ಮನೆ’ಯ ದೊಡ್ಡತ್ತೆಯಾದ ನಿಮಗೆ. ಜಗಳವಾಡಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಅತ್ತೆ ಸೊಸೆಯ ಕಥೆಯಲ್ಲಿ ಹೊಸದೇನಿಲ್ಲ, ಅರ್ಧ ಧಾರಾವಾಹಿಗಳು ಆ ಒಲೆಯ ಮೇಲೇ ಬೇಯುತ್ತಿವೆ. ಹೊಸದು ನೀವು. ಕಳೆದ ವಾರ ಸೊಸೆ ಬಂದು, ತಾನು ಈ ಮನೆ ಬಿಟ್ಟು ಹೋಗುವುದೇ ಒಳ್ಳೆಯದು ಎಂದಳು. ನಿಮ್ಮ ಕೈಯಲ್ಲಿ ಸೌಟು ಇತ್ತು. ಬೇರೆ ನಟರು ಎದುರಿನವರ ಮಾತು ಮುಗಿಯುವ ತನಕ ಟಿಕೆಟ್ ಕಿಟಕಿಯ ಮುಂದೆ ನಿಂತವರ ಹಾಗೆ ತಮ್ಮ ಸರದಿ ಕಾಯುತ್ತಾರೆ. ನೀವು ಅವಳ ಬಾಯಿಂದ ಹೊರಟ ಒಂದೊಂದು ಮಾತನ್ನೂ ಕಾದು ಹಿಡಿದು ಒಳಗೆ ತೆಗೆದುಕೊಂಡಿರಿ. ಸೌಟಿನಿಂದ ಒಂದು ಹನಿ ನೆಲಕ್ಕೆ ಬಿತ್ತು, ನೀವು ನೋಡಲಿಲ್ಲ. ಆಮೇಲೆ ‘ಊಟ ಮಾಡಿ ಹೋಗು’ ಅಂದಿರಿ, ಅಷ್ಟೆ. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಮುಖವನ್ನು ನಾನು ಕಿರುತೆರೆಯಲ್ಲಿ ಕಂಡಿಲ್ಲ. ಅದನ್ನೇ ಈ ವಾರದ ಅಂಕಣದಲ್ಲಿ ಬರೆದಿದ್ದೇನೆ, ತುಣುಕು ಜೊತೆಗಿದೆ.

ಸೊಸೆಯಾಗಿ ಬರುವ ಹುಡುಗಿ ಮಾತ್ರ ನಿಮಗೆ ಸಾಟಿಯಲ್ಲ. ಮುಖಕ್ಕೆ ಮುಖ ಕೊಟ್ಟು, ಒಂದೊಂದು ಅಕ್ಷರವನ್ನೂ ಬಾಯಿತುಂಬ ಬಿಡಿಸಿ, ಗಿಳಿಗೆ ಪಾಠ ಹೇಳಿದಂತೆ ಹೇಳುತ್ತಾಳೆ. ನಮ್ಮ ಅಮ್ಮನಿಗೆ ಅವಳೇ ಇಷ್ಟ. ‘ಆ ಮನೇಲಿ ಅವಳೊಬ್ಬಳ ಮಾತೇ ನನಗೆ ಅರ್ಥ ಆಗೋದು’ ಅನ್ನುತ್ತಾಳೆ. ಅಮ್ಮನ ಅಭಿರುಚಿ ಅಷ್ಟಕ್ಕಷ್ಟೆ.

ನಿಮ್ಮೊಂದಿಗೆ ವಿವರವಾಗಿ ಮಾತಾಡುವ ಆಸೆಯಿದೆ. ದೂರದ ಊರು, ಬರಲಾಗದು. ದಯವಿಟ್ಟು ಫೋನ್ ನಂಬರ್ ಕೊಡಿ.

ನಿಮ್ಮ ಅಭಿಮಾನಿ,
ಮೂಲೆಕುರ್ಚಿ


ಫೆಬ್ರುವರಿ 27

ಮೂಲೆಕುರ್ಚಿಯವರಿಗೆ,

ನೀವು ಹೊಗಳಿದ್ದನ್ನು ಓದಿ ನನ್ನ ತಂಗಿ ಅದನ್ನು ಅಲಮಾರಿನ ಒಳಬಾಗಿಲಿಗೆ ಅಂಟಿಸಿದ್ದಾಳೆ. ಬಟ್ಟೆ ತೆಗೆಯುವಾಗಲೆಲ್ಲ ನಾನು ಮಹಾನಟಿ ಎಂದು ತಿಳಿಯುತ್ತದೆ, ಬಾಗಿಲು ಮುಚ್ಚಿದರೆ ಮರೆತುಹೋಗುತ್ತದೆ. ಅದೇ ಕ್ಷೇಮ.

ಸೌಟಿನ ಹನಿಯನ್ನು ನೋಡಿದಿರಲ್ಲ, ಅದಕ್ಕೆ ನಿಮಗೊಂದು ಶರಣು. ಆ ಹನಿಗಾಗಿ ಇನ್ನೊಂದು ಟೇಕ್ ತೆಗೆಯಬೇಕೆಂದು ನಿರ್ದೇಶಕರು ಹಟ ಹಿಡಿದಿದ್ದರು, ನೆಲ ಕೊಳೆಯಾಗಿ ಕಾಣುತ್ತದಂತೆ. ಅದು ಇರಲಿ ಎಂದು ವಾದ ಮಾಡಿ ಉಳಿಸಿದವಳು, ಗಿಳಿಗೆ ಪಾಠ ಹೇಳುತ್ತಾಳೆ ಎಂದು ನೀವು ನಕ್ಕ ಹುಡುಗಿ. ಅವಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ.

ನಮ್ಮ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ಸೆಟ್ಟಿನಲ್ಲಿ ಕ್ಯಾಮೆರಾದ ಪಕ್ಕ ಪ್ರಾಂಪ್ಟರ್ ಒಬ್ಬರು ಕೂತಿರುತ್ತಾರೆ. ಅವರು ಸಂಭಾಷಣೆಯ ಸಾಲನ್ನು ಮೆಲ್ಲಗೆ ಓದುತ್ತಾರೆ, ನಟರು ಅದನ್ನೇ ಗಟ್ಟಿಯಾಗಿ ಹೇಳುತ್ತಾರೆ. ಆ ಮೆಲುದನಿಯನ್ನು ಆಮೇಲೆ ಕತ್ತರಿಸಿ ತೆಗೆಯುತ್ತಾರೆ. ಹೀಗಾಗಿ ಎಲ್ಲರ ಕಣ್ಣು ಎದುರಿನವರ ಮೇಲಿದ್ದರೂ ಕಿವಿ ಪಕ್ಕದಲ್ಲಿರುತ್ತದೆ. ನಾನು ನಾಟಕದವಳು. ನಾಳೆಯ ಮಾತನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ನನ್ನ ಸಾಲು ಬಂದಾಗ ಪ್ರಾಂಪ್ಟರ್ ಚಹಾ ಲೋಟ ಎತ್ತಿಕೊಳ್ಳುತ್ತಾರೆ.

ನನ್ನ ಎದುರಿಗೆ ಬಂದು ನಿಂತೇ ಮಾತಾಡಬೇಕು ಎಂಬುದು ಸೆಟ್ಟಿನ ಇನ್ನೊಂದು ಕಾನೂನು. ಹಿಂದಿನಿಂದ ಕರೆದವರಿಗೆ ದೊಡ್ಡತ್ತೆ ಉತ್ತರ ಕೊಡುವುದಿಲ್ಲ. ಜಂಬದ ಮುದುಕಿ ಅನ್ನುತ್ತಾರೆ, ಅನ್ನಲಿ.

ಫೋನು ನನಗೆ ಒಗ್ಗುವುದಿಲ್ಲ. ಮುಖ ಕಾಣದ ಮಾತು ಮಾತೇ ಅಲ್ಲ. ಕಾಗದ ಬರೆಯಿರಿ, ಕಾಗದಕ್ಕೊಂದು ಮುಖವಿರುತ್ತದೆ.

ದೊಡ್ಡತ್ತೆ


ಮಾರ್ಚ್ 8

ದೊಡ್ಡತ್ತೆಯವರಿಗೆ,

‘ಕಿವಿ ಪಕ್ಕದಲ್ಲಿರುತ್ತದೆ’ ಎಂಬ ನಿಮ್ಮ ಮಾತನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನೀವು ನಗುತ್ತೀರಿ. ಇಷ್ಟು ವರ್ಷ ಧಾರಾವಾಹಿಗಳ ಕಣ್ಣುಗಳಲ್ಲಿ ನನಗೆ ಕಾಣುತ್ತಿದ್ದ ಆ ಖಾಲಿತನ ಏನೆಂದು ಕೊನೆಗೂ ತಿಳಿಯಿತು.

ಸಿನಿಮಾದಲ್ಲಿ ಮನುಷ್ಯ ಎರಡೂವರೆ ಗಂಟೆಯಲ್ಲಿ ಹುಟ್ಟಿ, ಪ್ರೀತಿಸಿ, ಸತ್ತು, ಚಿತ್ರಮಂದಿರದ ದೀಪ ಹತ್ತುವುದರೊಳಗೆ ಮುಗಿದಿರುತ್ತಾನೆ. ಧಾರಾವಾಹಿಯವರು ನಮ್ಮ ಜೊತೆಗೇ ಮುದುಕರಾಗುತ್ತಾರೆ. ನಾವು ಬಟ್ಟೆ ಮಡಚುವಾಗ, ಜ್ವರ ಬಂದು ಮಲಗಿದಾಗ, ಮನೆಯಲ್ಲಿ ಮುನಿಸಿಕೊಂಡು ಒಬ್ಬರಿಗೊಬ್ಬರು ಮಾತು ಬಿಟ್ಟಾಗ ನೆಂಟರ ಹಾಗೆ ಇದ್ದೇ ಇರುತ್ತಾರೆ. ಹೀಗಿರುವಾಗ ಅವರನ್ನು ಸಿನಿಮಾದ ಅಳತೆಗೋಲಿನಿಂದ ಅಳೆದರೆ ಹೇಗೆ? ಒಂದು ದೊಡ್ಡ ದೃಶ್ಯದಲ್ಲಿ ಅತ್ತು ಗೆಲ್ಲುವುದಲ್ಲ ಇಲ್ಲಿಯ ಸಾಮರ್ಥ್ಯ. ದಿನವೂ ಅದೇ ಅಡುಗೆಮನೆಯಲ್ಲಿ ನಿಂತು, ಅದೇ ಸೊಸೆಯನ್ನು ಇವತ್ತೇ ಮೊದಲ ಸಲ ನೋಡಿದಂತೆ ನೋಡಬೇಕು. ನೀವು ಅದನ್ನು ಮಾಡುತ್ತಿದ್ದೀರಿ, ನಿಮ್ಮ ಜೊತೆಯವರಿಗೆ ಅದು ಗೊತ್ತಿದೆಯೋ ಇಲ್ಲವೋ.

ನಿಧಾನಿಸಿ ಎಂದಿರಿ. ಕ್ಷಮಿಸಿ, ನಿಮ್ಮ ಪತ್ರ ಬರುವಷ್ಟರಲ್ಲಿ ಅಂಕಣ ಅಚ್ಚಿಗೆ ಹೋಗಿತ್ತು. ಈ ಸಲ ನಿಮ್ಮಿಬ್ಬರನ್ನೂ ಎದುರುಬದುರು ಇಟ್ಟು ಬರೆದಿದ್ದೇನೆ, ಹೆಸರು ‘ಗಿಳಿಪಾಠ’. ‘ಒಬ್ಬಳು ಕಲೆ, ಇನ್ನೊಬ್ಬಳು ಕಂಠಪಾಠ’ ಎಂಬ ಸಾಲು ಎಲ್ಲರಿಗೂ ಹಿಡಿಸಿದೆ. ಪ್ರತಿ ಮಾತಿನ ಕೊನೆಗೂ ಅಡುಗೆಕಟ್ಟೆಗೆ ಕೈ ಊರುವ ಅವಳ ಚಟವನ್ನೂ ಬಿಟ್ಟಿಲ್ಲ. ಈಗ ನೀರು ಕುಡಿಯಲು ಬಂದವರು ಬಾಯಿ ಅಗಲಿಸಿ ‘ನೀ... ರು... ಇ... ದೆ... ಯಾ’ ಎಂದು ಕೇಳಿ, ನನ್ನ ಮೇಜಿಗೆ ಕೈ ಊರುತ್ತಾರೆ. ನನ್ನ ಅಂಕಣಕ್ಕೆ ಇಷ್ಟು ಹೆಸರು ಹಿಂದೆಂದೂ ಬಂದಿರಲಿಲ್ಲ.

ಅಮ್ಮ ಮಾತ್ರ ಓದಿ ಪತ್ರಿಕೆಯನ್ನು ಮಡಚಿ ಕುರ್ಚಿಯ ಕೆಳಗಿಟ್ಟಳು. ಟಿವಿಯ ದನಿ ಈಗ ಇನ್ನೂ ಜೋರು. ಪಕ್ಕದ ಮನೆಯವರು ಬಂದು ಹೇಳಿಹೋದರೂ ಇಳಿಸುವುದಿಲ್ಲ. ವಯಸ್ಸಾದಂತೆ ಹಟ ಹೆಚ್ಚುತ್ತದೆ.

ಫೋನಿನಲ್ಲಿ ಐದೇ ನಿಮಿಷ ಸಿಕ್ಕರೂ ಸಾಕಿತ್ತು.

ಮೂಲೆಕುರ್ಚಿ


ಮಾರ್ಚ್ 26

ಮಾನ್ಯರೇ,

‘ಗಿಳಿಪಾಠ’ ತಲುಪಿತು. ನೀವು ಕಳಿಸುವ ಮುಂಚೆಯೇ ತಲುಪಿತ್ತು. ಮೇಕಪ್ ಕೋಣೆಯ ಕನ್ನಡಿಗೆ ಯಾರೋ ಅಂಟಿಸಿ, ನನ್ನನ್ನು ಹೊಗಳಿದ ಕಡೆ ಕೆಂಪು ಗೆರೆ ಎಳೆದಿದ್ದರು. ಆ ಹುಡುಗಿ ಅದೇ ಕನ್ನಡಿಯ ಮುಂದೆ ಕೂತು ಬಣ್ಣ ಹಚ್ಚಿಸಿಕೊಂಡಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವಳ ಬಗ್ಗೆ ಇನ್ನೊಂದು ಸಾಲು ಬರೆಯಬೇಡಿ. ನನ್ನನ್ನು ಹೊಗಳುವುದನ್ನೂ ನಿಲ್ಲಿಸಿ. ಫೋನ್ ನಂಬರ್ ಮತ್ತೆ ಕೇಳಬೇಡಿ.

ಇತಿ


ಏಪ್ರಿಲ್ 3

ದೊಡ್ಡತ್ತೆಯವರಿಗೆ,

ನಿಮ್ಮ ಪತ್ರದಲ್ಲಿ ಹೆಸರೂ ಇರಲಿಲ್ಲ. ನೋವಾಯಿತು, ಆದರೆ ಅರ್ಥವೂ ಆಯಿತು. ಒಂದೇ ಸೆಟ್ಟಿನಲ್ಲಿ ದಿನವೂ ಮುಖ ನೋಡಬೇಕಾದವರು ನೀವು, ಚಿಕ್ಕವಳ ಪರ ನಿಲ್ಲುವುದು ನಿಮ್ಮ ದೊಡ್ಡತನ. ನನ್ನ ಕೆಲಸ ಬೇರೆ. ವಿಮರ್ಶಕ ಎಲ್ಲರಿಗೂ ಒಳ್ಳೆಯವನಾಗಲು ಹೊರಟರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ, ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಇಲ್ಲ.

ಅಂಕಣದಿಂದ ಉಪಯೋಗವೂ ಆಗಿದೆ, ನೋಡಿ. ಈ ಹದಿನೈದು ದಿನಗಳಲ್ಲಿ ಅವಳು ಬದಲಾಗಿದ್ದಾಳೆ. ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿ, ಎಲ್ಲರೂ ಮಾತಾಡುವ ಹಾಗೆ ಮಾತಾಡುತ್ತಿದ್ದಾಳೆ. ಕಟ್ಟೆಗೆ ಕೈ ಊರುವುದು ನಿಂತಿದೆ. ಯಾರೋ ಒಳ್ಳೆಯ ಮಾತು ಹೇಳಿರಬೇಕು, ಅಥವಾ ಓದಿಸಿರಬೇಕು.

ನನ್ನನ್ನು ಕಾಡುತ್ತಿರುವುದು ನೀವು. ಮೊನ್ನೆಯ ಕಂತಿನಲ್ಲಿ ಅವಳ ಮಾತು ಮುಗಿಯುವ ಮುಂಚೆಯೇ ಉತ್ತರ ಕೊಟ್ಟಿರಿ. ನಿನ್ನೆ ಮುಗಿದು ಎಷ್ಟೋ ಹೊತ್ತಾದರೂ ಸುಮ್ಮನಿದ್ದಿರಿ, ಕಣ್ಣು ಅವಳ ಬೆನ್ನ ಮೇಲೆಲ್ಲ ಓಡಾಡುತ್ತಿತ್ತು. ಬೇರೆಯವರಾಗಿದ್ದರೆ ನಾನು ಗಮನಿಸುತ್ತಿರಲಿಲ್ಲ. ನಿಮ್ಮ ಮುಖವನ್ನು ಇಷ್ಟು ದಿನ ಓದಿದ ಮೇಲೆ ಸುಮ್ಮನಿರಲಾರೆ. ಮೈ ಹುಷಾರಿಲ್ಲವೇ?

ಅಮ್ಮ ನಿಮ್ಮ ಧಾರಾವಾಹಿಯನ್ನೇ ಬಿಟ್ಟಿದ್ದಾಳೆ. ‘ಅವಳು ಆ ಕಡೆ ತಿರುಗಿ ಮಾತಾಡಿದ್ರೆ ನಾನೇನು ನೋಡ್ಲಿ’ ಅನ್ನುತ್ತಾಳೆ. ನನ್ನ ಮೇಲೂ ಮುನಿಸಿದೆ. ಅಡುಗೆಮನೆಯಿಂದ ಕೂಗಿದರೆ ಓ ಎನ್ನುವುದಿಲ್ಲ, ಹಿಂದೆ ಕೂತು ಏನಾದರೂ ಹೇಳಿದರೆ ತಿರುಗುವುದೂ ಇಲ್ಲ.

ಮೂಲೆಕುರ್ಚಿ


ಏಪ್ರಿಲ್ 22

ದೊಡ್ಡತ್ತೆಯವರಿಗೆ,

ಉತ್ತರ ಬರಲಿಲ್ಲ. ಇಂದು ನೀವೂ ಬರಲಿಲ್ಲ. ದೊಡ್ಡತ್ತೆ ಕಿರಿಮಗನ ಮನೆಗೆ ಹೋಗಿದ್ದಾರೆ ಎಂದು ಯಾರೋ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರು. ದೊಡ್ಡತ್ತೆಗೆ ಕಿರಿಮಗನಿದ್ದಾನೆಂದು ಮೊದಲಿಂದ ನೋಡುತ್ತಿರುವ ನನಗೇ ಗೊತ್ತಿರಲಿಲ್ಲ. ಧಾರಾವಾಹಿಯಲ್ಲಿ ಇದ್ದಕ್ಕಿದ್ದಂತೆ ಹುಟ್ಟುವ ಕಿರಿಮಕ್ಕಳು ಒಳ್ಳೆಯ ಸುದ್ದಿ ತರುವುದಿಲ್ಲ.

ಸೊಸೆಯ ಪಾತ್ರಕ್ಕೆ ಹೊಸಬಳನ್ನು ಹುಡುಕುತ್ತಿದ್ದಾರೆ ಎಂದೂ ಕಚೇರಿಯಲ್ಲಿ ಹೇಳುತ್ತಿದ್ದಾರೆ. ‘ನಿಮ್ಮ ದೊಣ್ಣೆ ಚೆನ್ನಾಗಿ ಬಿತ್ತು’ ಎಂದು ಬೆನ್ನು ತಟ್ಟಿದರು. ನೀವು ಬರೆದ ಗಾದೆಯೇ ಅವರ ಬಾಯಲ್ಲೂ ಬಂದಾಗ ನನಗೆ ನಗು ಬರಲಿಲ್ಲ.

ನನಗೆ ಗೊತ್ತಿಲ್ಲದ್ದು ಏನೋ ಇದೆ. ಹೇಳದಿದ್ದರೂ ಚಿಂತೆಯಿಲ್ಲ. ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆಯಿರಿ.

ಮೂಲೆಕುರ್ಚಿ


ಮೇ 4

ತಮ್ಮಾ,

ಬಹುವಚನ ಸಾಕು. ಈಗ ಹೇಳುವ ಮಾತಿಗೆ ಅದು ಹೊಂದುವುದಿಲ್ಲ.

ನನಗೆ ಕಿವಿ ಕೇಳುವುದಿಲ್ಲ.

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಎರಡು ಒಲೆಯ ಮನೆಯಲ್ಲಿ ಗೋಡೆಗಿದೆ, ನನಗಿಲ್ಲ. ಒಂದು ಕಿವಿ ನಾಟಕದ ದಿನಗಳಲ್ಲೇ ಹೋಗಿತ್ತು. ಇನ್ನೊಂದು ಬಟ್ಟೆಯ ಬಣ್ಣದ ಹಾಗೆ ಹೋಯಿತು, ಯಾವ ಒಗೆತದಲ್ಲಿ ಎಂದು ಹೇಳಲಾರೆ. ಕಿವಿಯ ಯಂತ್ರ ಹಾಕಿದರೆ ಸೆಟ್ಟಿನ ಫ್ಯಾನು, ಜನರೇಟರು, ತಟ್ಟೆಲೋಟದ ಸದ್ದೆಲ್ಲ ಒಳಗೆ ನುಗ್ಗಿ, ಮಾತು ಮಾತ್ರ ಹೊರಗೇ ಉಳಿಯುತ್ತದೆ. ಅದಕ್ಕೇ ಬಾಯಿಪಾಠ, ಅದಕ್ಕೇ ಎದುರು ನಿಲ್ಲುವ ಕಾನೂನು, ಅದಕ್ಕೇ ಫೋನಿಲ್ಲ. ಜಂಬ ಒಳ್ಳೆಯ ಕೊಡೆ ತಮ್ಮಾ, ಅದರ ಕೆಳಗೆ ಏನು ಬೇಕಾದರೂ ಮುಚ್ಚಿಡಬಹುದು.

ತಂಗಿಯನ್ನು ಬಿಟ್ಟರೆ ಇದು ಗೊತ್ತಿರುವುದು ಆ ಹುಡುಗಿಗೆ. ಅವಳು ಬಂದ ಮೊದಲ ವಾರ ನನ್ನ ಬೆನ್ನ ಹಿಂದೆ ಲೈಟಿನ ಸ್ಟ್ಯಾಂಡು ಉರುಳಿ ಬಿತ್ತಂತೆ. ಎಲ್ಲರೂ ಬೆಚ್ಚಿಬಿದ್ದರಂತೆ. ನಾನು ಕನ್ನಡಿ ಹಿಡಿದು ಕೂದಲು ಸರಿಮಾಡಿಕೊಳ್ಳುತ್ತಿದ್ದೆ. ಎಂಥ ಗಟ್ಟಿ ಹೆಂಗಸು ಎಂದುಕೊಂಡರು ಉಳಿದವರು. ಅವಳು ಬಿದ್ದದ್ದನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಮಾರನೆಯ ದಿನ ನನ್ನ ಎದುರು ಬಂದು, ‘ನಾನು ಹಿಂಗೆ ನಿಂತ್ರೆ ನಿಮಗೆ ಸರಿಹೋಗುತ್ತಾ?’ ಅಂದಳು. ಅಷ್ಟೇ. ಅದಕ್ಕಿಂತ ಹೆಚ್ಚು ಒಂದು ಮಾತೂ ನಮ್ಮಿಬ್ಬರ ನಡುವೆ ಆಗಲಿಲ್ಲ.

ಅಂದಿನಿಂದ ಅವಳು ಬೆಳಕಿಗೆ ಮುಖ ಕೊಟ್ಟು ನಿಲ್ಲುತ್ತಾಳೆ. ತುಟಿ ಬಿಡಿಸಿ ಮಾತಾಡುತ್ತಾಳೆ. ಮಾತು ಮುಗಿಯಿತು, ಇನ್ನು ನಿಮ್ಮದು ಎಂದು ತಿಳಿಯಲು ಕಟ್ಟೆಗೆ ಕೈ ಊರುತ್ತಾಳೆ. ನನಗೆ ಬೇರೆಯವರ ಜೊತೆ ದೃಶ್ಯವಿದ್ದರೆ ತನ್ನ ಊಟ ಬಿಟ್ಟು ಬಂದು ಕ್ಯಾಮೆರಾದ ಪಕ್ಕ ನಿಂತು, ಅವರ ಮಾತಿಗೆ ತಾನೂ ದನಿಯಿಲ್ಲದೆ ತುಟಿಯಾಡಿಸುತ್ತಾಳೆ. ನೀನು ಹೊಗಳಿದ ಮುಖ ನನ್ನದೇ, ಅದರಲ್ಲಿ ಸುಳ್ಳಿಲ್ಲ. ಆ ಮುಖಕ್ಕೆ ಮಾತು ತಂದು ಮುಟ್ಟಿಸಿದವಳು ಅವಳು.

ನಿನ್ನ ಅಂಕಣ ಬಂದ ಮೇಲೆ ನಿರ್ದೇಶಕರು, ‘ಗಿಳಿಪಾಠ ಬೇಡ, ಸಹಜವಾಗಿ ಮಾಡು, ಕಿಟಕಿ ಕಡೆ ತಿರುಗು’ ಎಂದರು. ವಾಹಿನಿಯವರೂ ಹೇಳಿದರು. ಅವಳು ಕೆಲವು ದಿನ ಹಾಗೇ ಮಾಡಿದಳು. ನಾನು ಬೆನ್ನಿನ ಜೊತೆ ಮಾತಾಡಿದೆ. ಟೇಕಿನ ಮೇಲೆ ಟೇಕ್. ನಾನು ತಡವರಿಸುವುದನ್ನು ನೋಡಲಾರದೆ ಒಂದು ದಿನ ಅವಳು ಮತ್ತೆ ನನ್ನ ಕಡೆ ತಿರುಗಿ ನಿಂತಳು, ‘ನಾನು ಮಾಡೋದೇ ಹಿಂಗೆ, ಬೇಡ ಅಂದ್ರೆ ಬೇರೆಯವರನ್ನ ಕರ್ಕೊಳ್ಳಿ’ ಅಂದಳು. ಕರೆದುಕೊಳ್ಳುತ್ತಿದ್ದಾರೆ. ಹೊಸ ಸೊಸೆ ಬರುವ ತನಕ ನನಗೆ ವಿಶ್ರಾಂತಿ. ಇನ್ನು ಸ್ವಲ್ಪ ದಿನಕ್ಕೆ ತೆರೆಯ ಕೆಳಗೆ ‘ಇನ್ನು ಮುಂದೆ ಸೊಸೆಯ ಪಾತ್ರದಲ್ಲಿ’ ಎಂದು ಬೇರೆ ಹೆಸರು ಬರುತ್ತದೆ. ಅಷ್ಟಕ್ಕೇ ಮುಗಿಯಿತು.

ಕಾರಣ ಹೇಳಿಬಿಡು ಎಂದು ಅವಳ ಕೈ ಹಿಡಿದು ಕೇಳಿದೆ. ‘ಹೇಳಿದ್ರೆ ನಿಮ್ಮನ್ನ ತೆಗೀತಾರೆ. ನನಗೆ ಇನ್ನೊಂದು ಸೀರಿಯಲ್ ಸಿಗುತ್ತೆ, ನಿಮಗೆ ಸಿಗಲ್ಲ’ ಅಂದಳು. ಅರ್ಧ ಸುಳ್ಳು. ಗಿಳಿಪಾಠ ಎಂದು ಹೆಸರು ಬಿದ್ದವಳನ್ನು ಯಾರು ಕರೆಯುತ್ತಾರೆ? ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಸೋಮವಾರ ನಿರ್ಮಾಪಕಿಯ ಕಚೇರಿಗೆ ಹೋಗಿ ನಾನೇ ಹೇಳುತ್ತೇನೆ. ಭಯವಾಗುತ್ತಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೆ ಲೋಕವಿಲ್ಲ. ಹೊರಗೆ ಎಲ್ಲರೂ ಗಡಿಬಿಡಿಯಲ್ಲಿ ಅತ್ತಿತ್ತ ತಿರುಗಿಕೊಂಡು ಮಾತಾಡುತ್ತಾರೆ, ನನಗೆ ಏನೂ ತಿಳಿಯುವುದಿಲ್ಲ. ಆ ಸೆಟ್ಟಿನ ಅಡುಗೆಮನೆಯಲ್ಲಿ ಒಬ್ಬಳು ನನ್ನ ಜೊತೆ ಮಾತಾಡುತ್ತಾಳೆ.

ನಾಳೆಯ ಮಾತನ್ನು ಹಿಂದಿನ ದಿನವೇ ಬಾಯಿಪಾಠ ಮಾಡುವವಳು ನಾನು. ಈ ಕಾಗದ ಅದೇ. ನೀನು ಇದನ್ನು ಅಚ್ಚು ಮಾಡಬಾರದು.

ದೊಡ್ಡತ್ತೆ


ಮೇ 8

ಅಕ್ಕ,

ಇಂದು ಸೋಮವಾರ. ನೀವು ಹೇಳಿ ಮುಗಿಸಿರುತ್ತೀರಿ. ನಿಮ್ಮ ಕಾಗದ ಬೆಳಿಗ್ಗೆ ಕಚೇರಿಗೆ ಬಂತು. ಓದಿ, ನೀರಿನ ಡ್ರಮ್ಮಿನ ಕಡೆ ಮುಖ ಮಾಡಿ ಕೂತಿದ್ದೆ. ರಜೆ ಹಾಕಿ ಮನೆಗೆ ಬಂದೆ.

ಸೌಟಿನ ದೃಶ್ಯವನ್ನು ಮತ್ತೆ ಹಾಕಿದೆ. ಅಮ್ಮ ಎಂದಿನಂತೆ ಮುಂದೆ, ನಾನು ಹಿಂದೆ ಮೂಲೆಯ ಕುರ್ಚಿಯಲ್ಲಿ. ನೀವು ನೋಡುವ ಹಾಗೆ ನೋಡೋಣವೆಂದು ಟಿವಿಯ ದನಿಯನ್ನು ಪೂರ್ತಿ ತೆಗೆದುಬಿಟ್ಟೆ. ಆ ಹುಡುಗಿಯ ಒಂದು ಮಾತೂ ನನಗೆ ತಪ್ಪಲಿಲ್ಲ. ಮಾತಷ್ಟೇ ಅಲ್ಲ. ಎದುರಿನವರಿಗೆ ಮುಟ್ಟಿತೇ ಎಂದು ನೋಡಿ, ಮುಟ್ಟಿದ ಮೇಲೆಯೇ ಅವಳು ಮುಂದಿನದಕ್ಕೆ ಹೋಗುತ್ತಾಳೆ. ಮನೆ ಬಿಟ್ಟು ಹೋಗುತ್ತೇನೆ ಎನ್ನುವವಳು ಅಷ್ಟು ಜೋಪಾನವಾಗಿ ಹೇಳಿದ್ದರಿಂದಲೇ ಅವಳಿಗೆ ಹೋಗುವ ಮನಸ್ಸಿಲ್ಲವೆಂದು ನಮಗೆ ಗೊತ್ತಾಗುತ್ತದೆ. ಇಷ್ಟು ದೊಡ್ಡದು ಕಣ್ಣೆದುರೇ ಇತ್ತು. ನಾನು ಕೇಳುತ್ತ ಕೂತಿದ್ದೆ, ನೋಡಲಿಲ್ಲ.

ಇನ್ನೊಂದು ಹೇಳಬೇಕು, ಕೈ ಬರುತ್ತಿಲ್ಲ. ಅಮ್ಮ ತಿರುಗಿ ನೋಡಲಿಲ್ಲ. ದನಿ ಯಾಕೆ ತೆಗೆದೆ ಎಂದು ಕೇಳಲಿಲ್ಲ. ಸೊಸೆ ಮಾತಾಡುವಾಗ ತಲೆದೂಗಿದಳು, ಅವಳು ನಕ್ಕಲ್ಲಿ ತಾನೂ ನಕ್ಕಳು. ದನಿ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ‘ಅಮ್ಮಾ’ ಎಂದು ಹಿಂದಿನಿಂದ ಕರೆದೆ. ಮತ್ತೆ ಕರೆದೆ. ಹಟ ಎಂದುಕೊಂಡಿದ್ದೆ ಅಕ್ಕ, ಮುನಿಸು ಎಂದುಕೊಂಡಿದ್ದೆ.

ಅಂಕಣವೊಂದನ್ನು ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ನಿಮ್ಮ ಕಿವಿಯ ಮಾತು ಅದರಲ್ಲಿ ಎಲ್ಲೂ ಇಲ್ಲ. ಕೊನೆಯ ಭಾಗ ಹೀಗಿದೆ: ‘ಈ ಅಂಕಣ ಒಂದು ಅಭಿನಯವನ್ನು ನಡುವೆ ಸೀಳಿ, ಅರ್ಧಕ್ಕೆ ಹಾರ ಹಾಕಿ ಅರ್ಧಕ್ಕೆ ಕಲ್ಲು ಹೊಡೆಯಿತು. ಕೇಳಿಸಿಕೊಳ್ಳುವ ಮುಖ ಸುಮ್ಮನೆ ಆಗುವುದಿಲ್ಲ, ಎದುರಿಗೆ ಹೇಳುವವಳೊಬ್ಬಳು ಬೇಕು. ಓದುಗರು ಒಂದು ದಿನ ದನಿ ತೆಗೆದು ಈ ಸೊಸೆಯನ್ನು ನೋಡಲಿ. ಪಾಠ ಕಲಿಯಬೇಕಾಗಿದ್ದ ಗಿಳಿ ಇಷ್ಟು ದಿನ ಅಂಕಣ ಬರೆಯುತ್ತಿತ್ತು.’

ನೀವು ಹೂಂ ಎಂದರೆ ಅಚ್ಚಾಗುತ್ತದೆ, ಇಲ್ಲದಿದ್ದರೆ ಇಲ್ಲ.

ತಮ್ಮ


ಜೂನ್ 2

ತಮ್ಮಾ,

ಹೂಂ ಎಂದು ತಂತಿಯಂತೆ ಒಂದೇ ಅಕ್ಷರ ಬರೆದು ಕಳಿಸಿದ್ದೆ, ತಲುಪಿರಬೇಕು, ಅಂಕಣ ಬಂದಿದೆ. ಈಗ ಮೇಕಪ್ ಕೋಣೆಯ ಕನ್ನಡಿಯ ಮೇಲೆ ಅದಿದೆ. ಅಂಟಿಸಿದವಳು ನಾನೇ. ಗಿಳಿಯ ಸಾಲು ಓದಿ ಹುಡುಗಿ ನಕ್ಕಳು, ಆಮೇಲೆ ಕಣ್ಣಿನ ಬಣ್ಣವೆಲ್ಲ ಕೆನ್ನೆಗಿಳಿದು ಮೇಕಪ್ಪಿನವರಿಗೆ ಇನ್ನೊಂದು ಸಲ ಕೆಲಸವಾಯಿತು.

ಆ ಸೋಮವಾರ ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ. ನಿರ್ದೇಶಕರೂ ಅಲ್ಲೇ ಇದ್ದರು. ಎದ್ದು ನನ್ನ ಎದುರಿಗೆ ಬಂದು ನಿಂತು, ‘ಮತ್ತೆ ಇಷ್ಟು ದಿನ ನಾನು ಕಟ್ ಅಂದಿದ್ದು ನಿಮಗೆ ಹೇಗೆ ಗೊತ್ತಾಗ್ತಿತ್ತು?’ ಎಂದು ಕೇಳಿದರು.

‘ನೀವು ಕಟ್ ಅಂದ ಕೂಡಲೇ ಉಳಿದವರ ಮುಖದಿಂದ ಪಾತ್ರ ಇಳಿದುಹೋಗುತ್ತಲ್ಲ, ಅದನ್ನ ನೋಡಿ’ ಅಂದೆ. ಅವರು ನಕ್ಕರೋ ಅತ್ತರೋ ತಿಳಿಯಲಿಲ್ಲ, ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ನಿರ್ಮಾಪಕಿಯದು ವ್ಯಾಪಾರದ ತಲೆ. ಕತೆಯಲ್ಲೂ ದೊಡ್ಡತ್ತೆಗೆ ಕಿವಿ ಹೋಗಲಿ, ವೈದ್ಯರು ತಲೆಯಾಡಿಸಲಿ, ಹಿಂದೆ ಪಿಟೀಲು ಬಾರಿಸೋಣ, ಒಂದು ತಿಂಗಳು ಎಳೆಯಬಹುದು ಎಂದರು. ನಾನು ಎದ್ದು ನಿಂತೆ. ಕಿವುಡಿ ನಾನು, ದೊಡ್ಡತ್ತೆಯಲ್ಲ, ಅವಳ ಕಿವಿ ಮುಟ್ಟಿದರೆ ನಾನು ಬರುವುದಿಲ್ಲ ಎಂದೆ. ಕೆಲಸ ಉಳಿಸಿಕೊಳ್ಳಲು ಹೋದವಳು ಕೆಲಸ ಬಿಡುತ್ತೇನೆಂದು ಕೂಗಾಡಿ ಬಂದೆ ನೋಡು. ಎಷ್ಟು ಜೋರಾಗಿ ಕೂಗಿದೆನೋ ನನಗೇನು ಗೊತ್ತು, ಹೊರಗೆ ಡ್ರೈವರುಗಳೆಲ್ಲ ಎದ್ದು ನಿಂತಿದ್ದರು.

ಮೂರು ವಾರ ಯಾರದೂ ಮಾತಿಲ್ಲ. ಕೊನೆಗೆ ನಿರ್ದೇಶಕರೇ ಮನೆಗೆ ಬಂದರು. ಹೊಸ ಹುಡುಗಿಯರನ್ನೆಲ್ಲ ನೋಡಿ ಆಯಿತಂತೆ. ಎಲ್ಲರೂ ಚೆನ್ನಾಗಿ ಮಾಡುತ್ತಾರೆ, ಆದರೆ ನೀವಿಬ್ಬರೂ ಇಲ್ಲದ ಆ ಅಡುಗೆಮನೆ ಬರೀ ಸೆಟ್ಟಿನ ಹಾಗೆ ಕಾಣುತ್ತದೆ ಎಂದರು. ಅವಳೂ ಉಳಿದಳು, ನಾನೂ ಉಳಿದೆ. ದೊಡ್ಡತ್ತೆಯ ಕಿವಿಯೂ ಉಳಿಯಿತು.

ಹದಿನಾರನೆಯ ತಾರೀಕು ಸಂಜೆ ನೋಡು. ಅಮ್ಮನ ಜೊತೆ ನೋಡು. ಅವರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ, ಅದು ನಿನ್ನ ಮನೆಯ ದೃಶ್ಯ.

ಅಕ್ಕ


ಜೂನ್ 17

ಅಕ್ಕ,

ನೋಡಿದೆವು.

ಸೊಸೆ ಕಿಟಕಿಯ ಕಡೆ ತಿರುಗಿ ನಿಂತಳು. ಮತ್ತೆ ಅದೇ ಆಟ ಎಂದುಕೊಂಡೆ. ಅವಳು ಬಾಯಿ ತೆರೆಯುವ ಮುಂಚೆ ನೀವು ಒಲೆ ಆರಿಸಿ, ಕೈ ಒರೆಸಿಕೊಂಡು, ಇಡೀ ಅಡುಗೆಮನೆ ಸುತ್ತಿ ಹೋಗಿ ಅವಳ ಮತ್ತು ಕಿಟಕಿಯ ನಡುವೆ ನಿಂತಿರಿ. ‘ಈಗ ಹೇಳು’ ಅಂದಿರಿ. ಮುಖ ತಿರುಗಿಸಿಕೊಂಡವಳ ಮುಂದೆ ಹೋಗಿ ನಿಲ್ಲುವ ಅತ್ತೆಯನ್ನು ನಾನು ಯಾವ ಧಾರಾವಾಹಿಯಲ್ಲೂ ನೋಡಿಲ್ಲ. ಆ ನಡಿಗೆಯನ್ನು ಬರೆದವರು ಯಾರು? ನೀವೇ ಇರಬೇಕು. ಒಂದು ಮನೆಗೆ ಎರಡು ಒಲೆ ಯಾಕೆ ಬೇಕಾಯಿತು ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಇಷ್ಟು ದಿನ ಯಾರೂ ಹಾಗೆ ಸುತ್ತಿ ಬಂದಿರಲಿಲ್ಲ.

ಜಾಹೀರಾತು ಬಂದಾಗ ನಾನು ಎದ್ದು ಟಿವಿ ಆರಿಸಿದೆ. ಮೂಲೆಯ ಕುರ್ಚಿಯನ್ನು ಎಳೆದು ತಂದು ಟಿವಿಗೆ ಬೆನ್ನು ಮಾಡಿ, ಅಮ್ಮನ ಎದುರು ಹಾಕಿ ಕೂತೆ. ಲೈಟಿನ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಕೂತೆ. ಏನು ಹೇಳಬೇಕೆಂದು ನಾನೂ ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ತುಟಿ ಬಿಡಿಸಿ ‘ಅಮ್ಮಾ’ ಎಂದೆ. ಅವಳ ಕುರ್ಚಿಯ ತೋಳಿಗೆ ಕೈ ಊರಿದೆ.

ಅಮ್ಮ ನನ್ನ ಮುಖವನ್ನು ನೋಡಿದಳು. ನಿಮ್ಮ ಹಾಗೆಯೇ ನೋಡಿದಳು ಅಕ್ಕ. ಆ ನೋಟವನ್ನು ಹೊಗಳಿ ಅಂಕಣಗಳನ್ನು ಬರೆದವನಿಗೆ ಅದರ ಮುಂದೆ ಕೂತು ಅಭ್ಯಾಸವಿರಲಿಲ್ಲ.

‘ಬಂದ್ಯಾ’ ಅಂದಳು. ‘ಇಷ್ಟು ವರ್ಷ ಆ ಮೂಲೇಲಿ ಕೂತು ಏನೇನೋ ಹೇಳ್ತಿದ್ದೆ. ಈಗ ಹೇಳು.’

ಮೊದಲಿಂದ ಹೇಳುತ್ತಿದ್ದೇನೆ. ಇನ್ನೂ ಮುಗಿದಿಲ್ಲ, ಈ ವಾರ ಅಂಕಣ ತಡವಾಗುತ್ತದೆ ಎಂದು ಕಚೇರಿಗೆ ತಿಳಿಸಿದ್ದೇನೆ.

ತಮ್ಮ